ಬಹಿಷ್ಕಾರದ ದಿನ ಒಳಹೋದ ವಕೀಲೆ

ಬ್ಯಾಡಗಿ ಕೋರ್ಟಿನಲ್ಲಿ ನನ್ನ ಪಕ್ಕದ ಮೇಜಿನ ವಕೀಲೆ ಸಿಟ್ಟು ಬಂದರೆ ಕರಿಕೋಟಿನ ತೋಳನ್ನು ಮೊಣಕೈವರೆಗೆ ಮಡಚುತ್ತಿದ್ದರು. “ಯಾಕ ಅಂತ ಕೇಳಬೇಕ್ರಿ” ಎನ್ನುವುದು ಅವರ ಖಾಯಂ ಮಾತು.

ಪೊಲೀಸ್ ಕಸ್ಟಡಿಯ ಅವಧಿಯನ್ನು ಹಿಗ್ಗಿಸುವ ಹೊಸ ಕಾನೂನು ಬೇಡವೆಂದು ನಾವೆಲ್ಲ ಕಲಾಪ ಬಹಿಷ್ಕರಿಸಿ ಗೇಟಿನಲ್ಲಿ ಕುಳಿತಿದ್ದೆವು. ಘೋಷಣೆ ಕೂಗಿಸುತ್ತಿದ್ದವರು ಇವರೇ. ಅಷ್ಟರಲ್ಲಿ ಪೊಲೀಸರು ಮೆಣಸಿನಕಾಯಿ ಪೇಟೆಯ ಹಮಾಲನೊಬ್ಬನನ್ನು ಹಿಡಿದು ತಂದರು. ವಕೀಲೆ ಎದ್ದರು.

“ಇವತ್ತ ಯಾರೂ ಒಳಗ ಹೋಗೂ ಹಂಗಿಲ್ಲ” ಎಂದರು ನಮ್ಮ ಸಂಘದ ಅಧ್ಯಕ್ಷರು.

ವಕೀಲೆ ತೋಳು ಮಡಚುತ್ತಲೇ ಒಳಗೆ ನಡೆದರು.

“ಇವನ್ನ ಕಸ್ಟಡಿಗೆ ಯಾಕ ಕೊಡಬೇಕ್ರಿ?” ಎಂದದ್ದು ಕಿಟಕಿಯಾಚೆ ನಮಗೂ ಕೇಳಿಸಿತು. ನ್ಯಾಯಾಧೀಶರು ಅವನನ್ನು ಪೊಲೀಸರ ಕಸ್ಟಡಿಗೆ ಕೊಡಲಿಲ್ಲ.

ಹೊರಬಂದಾಗ ಅಧ್ಯಕ್ಷರು ಗುಡುಗಿದರು: “ಬಹಿಷ್ಕಾರ ಮುರದ್ರಲ್ಲ!”

ವಕೀಲೆ ನಮ್ಮ ನಡುವೆಯೇ ಬಂದು ಕುಳಿತರು. “ನೀವು ಹೊರಗ ಕುಂತು ಬ್ಯಾಡ ಅಂದ್ರಿ. ನಾ ಒಳಗ ನಿಂತು ಬ್ಯಾಡ ಅಂದೆ.”