ಕುಲ್ಸುಮ್ ಬೀಯ ಬೇಸಿಗೆ ಸೌತೆ

ರಾಜೇಶ್ವರದ ಕುಲ್ಸುಮ್ ಬೀ ಎದುರು ಎರಡು ವಿಷಯದಲ್ಲಿ ತಕರಾರು ತೆಗೆಯಬಾರದು. ಒಂದು ಆಕೆಯ ತಕ್ಕಡಿ, ಇನ್ನೊಂದು ಆಕೆಯ ಸೌತೆ. ಹುಮನಾಬಾದಿನ ಸಂತೆಯಲ್ಲಿ ಕಾಯಿಪಲ್ಯೆ ಮಾರುತ್ತಲೇ ಆಕೆಯ ಕೂದಲು ಬೆಳ್ಳಗಾಗಿದೆ. ತಕ್ಕಡಿಯ ತಂಟೆಗೆ ಇದುವರೆಗೆ ಯಾರೂ ಹೋಗಿಲ್ಲ. ಸೌತೆಯ ವಿಷಯದಲ್ಲಿ ಮಾತ್ರ ಮನೆಯಲ್ಲೇ ಒಬ್ಬ ವೈರಿ ಇದ್ದ, ಮೈದುನ ಜಹೀರುದ್ದೀನ್.

"ನಾನೂ ನಸೀರರೂ ಹಳ್ಳದ ದಂಡಿ ಹೊಲದಾಗ ರಂಜಾನಿಗೆ ಸೌತಿ ಬೆಳದಿದ್ವಿ" ಎಂದು ಆಕೆ ಬಾಯಿ ತೆರೆದರೆ ಸಾಕು, ಜಹೀರುದ್ದೀನ್ ನಗಲು ಶುರು. "ಆ ಬರಡು ಹೊಲದಾಗ? ತೊಗರಿ ಬಂದ್ರ ಹೆಚ್ಚು, ಭಾಬಿ. ಅಣ್ಣ ಸಂತಿಯಿಂದ ತಂದಿರಬೇಕು." ಆ ಕಾಲಕ್ಕೆ ಆತ ಬಸವಕಲ್ಯಾಣದ ಹಣ್ಣಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಊರಿಗೆ ಬರುತ್ತಿದ್ದುದು ಇಫ್ತಾರಿಗೆ, ಹಬ್ಬಕ್ಕೆ. ಹೊಲದ ಕಡೆ ಒಂದು ದಿನವೂ ತಲೆ ಹಾಕಿದವನಲ್ಲ, ಆದರೂ ಸಾಕ್ಷಿ ಹೇಳುವುದರಲ್ಲಿ ಮುಂದೆ!

ಪಾಪ, ಕುಲ್ಸುಮ್ ಬೀಯ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಆ ಹೊಲದ ಬಾವಿ ಹೂತುಹೋಗಿತ್ತು. ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದ ಗಂಡ ನಸೀರ್, ವೋಟಿನ ಕಾರ್ಡು ಬರುವ ಮೊದಲೇ ತೀರಿಕೊಂಡಿದ್ದ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಮನುಷ್ಯ. ಮನೆಯಲ್ಲಿ ಆತನ ಒಂದು ಫೋಟೊ ಕೂಡ ಇಲ್ಲ. ಆ ಸೌತೆಯೂ ಸುಳ್ಳಾದರೆ ಇಬ್ಬರೂ ಕೂಡಿ ಬಾಳಿದ್ದಕ್ಕೆ ಗುರುತೇ ಉಳಿಯುವುದಿಲ್ಲ ಎಂಬ ದುಃಖ ಆಕೆಗಿತ್ತು. ಅದನ್ನು ಯಾರಿಗೂ ಹೇಳದೆ, ಜಗಳ ಮಾತ್ರ ಆಡುತ್ತಿದ್ದಳು.

ಈ ವರ್ಷ ಮೊಮ್ಮಗಳು ಶಾಯಿಸ್ತಾಗೆ ಒಂದು ಕೆಲಸ ಸಿಕ್ಕಿತು. ಮುಲ್ಲಾಮಾರಿ ಹೊಳೆಗೂ ಅದಕ್ಕೆ ಸೇರುವ ಹಳ್ಳಗಳಿಗೂ ಹೊಂದಿಕೊಂಡ ಊರುಗಳಲ್ಲಿ, ನಲವತ್ತು ವರ್ಷದ ಹಿಂದೆ ಎಷ್ಟು ಭೂಮಿಗೆ ನೀರಿತ್ತು, ಎಲ್ಲಿ ಕಬ್ಬು, ಎಲ್ಲಿ ಕಾಯಿಪಲ್ಯೆ ಎಂದು ಅಂದಾಜು ಮಾಡುವ ಕೆಲಸ. ಹಳೆಯ ಜನರನ್ನು ಕೇಳಬೇಕು, ಆಗ ಉಪಗ್ರಹ ತೆಗೆದ ಚಿತ್ರ ನೋಡಬೇಕು. ಎರಡೂ ಒಪ್ಪಿದರೆ ಮಾತ್ರ ಆ ಹೊಲ ನೀರಾವರಿಯ ಲೆಕ್ಕಕ್ಕೆ.

ಕುಲ್ಸುಮ್ ಬೀ ಹಿಗ್ಗಿಹೋದಳು. "ಮೊದಲ ನಂದು ಬರ್ಕೊ. ನಿಮ್ಮಪ್ಪ ಅಜೀಮನ್ನ ಸಾಲಿಗೆ ಹಾಕಿದ ವರ್ಷ. ರಂಜಾನಿನ್ಯಾಗ ಹೊಲ ಹಸರ ಅಂದ್ರ ಹಸರ!"

ಅಂದರೆ ಎಂಬತ್ತಾರನೆಯ ಇಸವಿ. ಈಗ ರಂಜಾನು ನಡೆದಿರುವುದು ಮಾರ್ಚಿನಲ್ಲಿ. ಶಾಯಿಸ್ತಾ ಲ್ಯಾಪ್‌ಟಾಪಿನಲ್ಲಿ ಎಂಬತ್ತಾರರ ಮಾರ್ಚ್ ಚಿತ್ರ ತೆಗೆದಳು. ನೀರುಂಡ ಬೆಳೆ ಆ ಚಿತ್ರದಲ್ಲಿ ಕೆಂಪಾಗಿ ಕಾಣುತ್ತದೆ. ಹಳ್ಳದ ದಂಡೆಯಲ್ಲಿ ಕೆಂಪಿನ ಸುಳಿವೇ ಇಲ್ಲ, ಬರೀ ಬೂದಿ ಬಣ್ಣದ ನೆಲ.

"ದಾದಿ, ಇದರಾಗ ಒಣ ಹೊಲ ಐತಿ. ನಾನು ಹ್ಯಾಂಗ ಬರೀಲಿ?"

ಕುಲ್ಸುಮ್ ಬೀ ಎದ್ದು ಒಳಗೆ ಹೋದಳು. ಎರಡು ದಿನ ಬೇಕೆಂದೇ ಪಾತ್ರೆ ಸಪ್ಪಳ ಮಾಡುತ್ತ ಅಡುಗೆ ಮಾಡಿದಳು. ಮೊಮ್ಮಗಳ ಬಾಯಿಂದಲೇ ಮೈದುನನ ಮಾತು ಬಂತಲ್ಲ ಎಂಬ ಸಿಟ್ಟು.

ಮೂರನೆಯ ಸಂಜೆ ಇಫ್ತಾರಿಗೆ ಜಹೀರುದ್ದೀನ್ ಬಂದ. ಸುದ್ದಿ ಕೇಳಿ ಖರ್ಜೂರ ಕೈಯಲ್ಲಿ ಹಿಡಿದೇ ಮೀಸೆ ತಿರುವಿದ. "ನಾ ಹೇಳಿರಲಿಲ್ಲೇನ್ರಿ? ಇಕಿ ಬರೀ ಸೌತಿ ಸೌತಿ ಅಂತಾಳ. ಆ ರಂಜಾನಿಗೆ ಇಡೀ ಓಣಿ ತಿಂದದ್ದು ನನ್ನ ಮಾವಿನಹಣ್ಣು! ಅಂಗಡಿಯಿಂದ ಬುಟ್ಟಿ ಬುಟ್ಟಿ ಹೊತ್ಕೊಂಡು ಬರ್ತಿದ್ದೆ. ಎಂಥಾ ಘಮಘಮ!"

ಶಾಯಿಸ್ತಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಚೋಟೆ ದಾದಾ, ಮಾರ್ಚಿನ್ಯಾಗ ಬುಟ್ಟಿಗಟ್ಲೆ ಮಾವಿನಹಣ್ಣು ಎಲ್ಲಿಂದ ಬಂತು?"

"ಯಾವ ಮಾರ್ಚು? ಮುಂಗಾರಿನ ಮಿರಗದ ಮಳಿ ಇನ್ನೂ ಬಂದಿದ್ದಿಲ್ಲ. ಉಪವಾಸದಾಗ ಬಿಸಿಲಿಗೆ ಗಂಟಲ ಒಣಗಿ..."

ಶಾಯಿಸ್ತಾ ಹಣೆ ಬಡಿದುಕೊಂಡು ನಕ್ಕಳು. ರಂಜಾನು ಚಂದ್ರನ ಲೆಕ್ಕದ ತಿಂಗಳು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹುಟ್ಟಿದಾಗಿನಿಂದ ಅದರ ಜೊತೆಗೇ ಬೆಳೆದವಳು, ಕಂಪ್ಯೂಟರಿನ ಎದುರು ಅದನ್ನೇ ಮರೆತಿದ್ದಳು. ಎಂಬತ್ತಾರರಲ್ಲಿ ರಂಜಾನು ಬಂದದ್ದು ಮೇ ತಿಂಗಳಲ್ಲಿ.

ಊಟ ಬದಿಗಿಟ್ಟು ಮೇ ತಿಂಗಳ ಚಿತ್ರ ತೆಗೆದಳು. ಸುತ್ತಲೂ ಬೂದಿ ನೆಲ, ಹಳ್ಳದ ಅಂಚಿಗೆ ತೊಗರಿಬೇಳೆಯಷ್ಟು ದೊಡ್ಡ ಕೆಂಪು ಚುಕ್ಕಿ. ಮಾರ್ಚಿನಲ್ಲಿ ಬರೀ ನೆಲ, ಮೇನಲ್ಲಿ ತುಂಬಿದ ಬಳ್ಳಿ. ಕಬ್ಬಾಗಿದ್ದರೆ ಮಾರ್ಚಿನಲ್ಲೂ ಕಾಣಬೇಕಿತ್ತು. ಹೋಳಿ ಮುಗಿದ ಮೇಲೆ ಬೀಜ ಊರಿ ನೀರು ಹಾಯಿಸಿದ ಸೌತೆಯೇ ಅದು.

"ದಾದಿ, ಬರದೆ ನೋಡು! ನೀರಾವರಿ. ಬೇಸಿಗಿ ಸೌತಿ."

"ಸೌತಿ ಕೆಂಪಗ್ಯಾಕ ಐತಿ?" ಎಂದು ಗೊಣಗುತ್ತಲೇ ಬಂದ ಕುಲ್ಸುಮ್ ಬೀ ಕನ್ನಡಕ ಏರಿಸಿ ಬಗ್ಗಿದಳು. "ಇದು ಯಾವ ಹೊತ್ತಿನ್ಯಾಗ ತಗದದ್ದು?"

"ಬೆಳಿಗ್ಗೆ ಹತ್ತರ ಸುಮಾರಿಗೆ."

ಜಹೀರುದ್ದೀನ್ ಸೋತರೂ ಜಟ್ಟಿ. "ಇಷ್ಟೇ ಇಷ್ಟು ಚುಕ್ಕಿಗೆ ಎಷ್ಟು ಕುಣಿತೀ, ಭಾಬಿ?"

ಆಕೆ ಜಗಳಕ್ಕೆ ಹೋಗಲಿಲ್ಲ. ಮುಖ ತುಂಬ ನಗು, ಕಣ್ಣ ತುಂಬ ನೀರು. ಸೆರಗಿನಿಂದ ಪರದೆಯ ಧೂಳು ಒರೆಸಿ, ಆ ಚುಕ್ಕಿಯ ಮೇಲೆ ಬೆರಳಿಟ್ಟಳು.

"ಹತ್ತಕ್ಕ ನಿಮ್ಮಣ್ಣ ಕಪಿಲಿ ಹೊಡೀತಿದ್ದ, ನಾ ಸೌತಿ ಮಡಿಗೆ ನೀರು ತಿರುವತಿದ್ದೆ. ಇದರಾಗ ನಾವಿಬ್ರೂ ಅದೀವಿ, ಜಹೀರು. ಶಾಯಿಸ್ತಾ, ಇದನ್ನ ದೊಡ್ಡದು ಮಾಡಿ ತಗಸು. ಗ್ವಾಡಿಗೆ ಹಾಕೋಣು."