ಹೊಕ್ಕಳೂ ಹೊಕ್ಕೂ

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತಾಗ ಮನೆಯೇ ಯಾರದೋ ಅನ್ನಿಸುತ್ತಿತ್ತು. ಅವ್ವನ ಸೊಂಟ ಹಿಡಿದುಕೊಂಡಿತ್ತು. ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತರೆ, ಮೇಲೇಳಲು ನನ್ನ ಕೈ ಬೇಕಾಗುತ್ತಿತ್ತು. ಕೊನೆಗೆ ಡಾಕ್ಟರು, ಸೊಂಟ ಗಟ್ಟಿಯಾಗುವವರೆಗೆ ಮಗ್ಗ ಮುಟ್ಟಬೇಡಿ ಎಂದುಬಿಟ್ಟರು. ಅರ್ಧ ನೇಯ್ದ ಸೀರೆಗೆ ಹಳೇ ಪಂಚೆ ಹೊದಿಸಿದ ಅವ್ವ ಅತ್ತ ತಿರುಗಿಯೂ ನೋಡಲಿಲ್ಲ. ನೇಯದೆ ಅವಳು ಬದುಕಿರಲಾರಳು ಎಂದು ನನಗೆ ಭಯವಾಗಿತ್ತು.

ಚಳ್ಳಕೆರೆಯಲ್ಲಿ ನೋವಿರುವವರಿಗೆ ಪಿಲಾಟಿಸ್ ಎಂಬ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಮೇಡಂ ಇದ್ದರು. ಬಸ್ಸಿನಲ್ಲೇ ಅವ್ವ ಆ ಹೆಸರನ್ನು ತೆಲುಗು ಮಾಡಿ ಮಕ್ಕಳಾಟಕ್ಕೆ ಇಳಿಸಿದಳು. "ಈ ವಯಸ್ನಾಗೆ ನನಗ್ಯಾಕೆ ಪಿಲ್ಲಲಾಟ?"

ಮೇಡಂ ಅವಳನ್ನು ಚಾಪೆಯ ಮೇಲೆ ಮಂಡಿ ಮಡಚಿ ಮಲಗಿಸಿ, "ಉಸಿರು ಬಿಡ್ತಾ ಹೊಕ್ಕಳು ಒಳಗೆಳ್ಕೊಳ್ರಿ ಅಮ್ಮಾರೆ" ಎಂದರು. ಅವ್ವನ ಬಲಗೈ ತಟ್ಟನೆ ಮೇಲೆದ್ದು, ಲಾಳಿ ಓಡಿಸುವಂತೆ, ಇಲ್ಲದ ಹಗ್ಗವನ್ನು ಜಗ್ಗಿತು. ಇನ್ನೊಮ್ಮೆ ಹೇಳಿದರು. ಇನ್ನೊಮ್ಮೆ ಜಗ್ಗಿದಳು. ಸೀರೆಯ ಅಡ್ಡ ಎಳೆಗೆ ಹೊಕ್ಕು ಎನ್ನುತ್ತಾರೆ. ಜನ್ಮವಿಡೀ ನೇಯ್ದವಳ ಕಿವಿಗೆ ಹೊಕ್ಕಳು ಎಲ್ಲಿ ಬೀಳಬೇಕು! ನಾನು ನಕ್ಕೂ ನಕ್ಕೂ ಸುಸ್ತಾಗಿ ಮೇಡಂಗೆ ಅದನ್ನು ಬಿಡಿಸಿ ಹೇಳಿದೆ. ಅವರು ಮಾತ್ರ ನಗಲಿಲ್ಲ. ಅವ್ವನ ಹೊಟ್ಟೆಯ ಮೇಲೆ ಹಗುರವಾಗಿ ಕೈಯಿಟ್ಟು, "ಹಂಗೇ ಮಾಡ್ರಿ. ಹೊಕ್ಕು ಎಳೆದಾಗೆಲ್ಲ ಹೊಕ್ಕಳೂ ಒಳಗೆ ಬರ್ಲಿ. ನೋವಾದ್ರೆ ನಿಲ್ಸಿಬಿಡ್ರಿ, ಹಠ ಬ್ಯಾಡ" ಎಂದರು. ಕಲಿಸುವವರೆಂದರೆ ಹೀಗಿರಬೇಕು ಅನ್ನಿಸಿತು ನನಗೆ.

ಅವ್ವನೇನು ಕಡಿಮೆಯೇ? ನೆಂಟರು ಬಂದು ಕೂತಿದ್ದರೂ ಹೊತ್ತಿಗೆ ಸರಿಯಾಗಿ ಅವರೆದುರೇ ಚಾಪೆ ಹಾಸಿ ಮಲಗಿಬಿಡುತ್ತಿದ್ದಳು. ಅವರು ಕಣ್ಣು ಬಿಟ್ಟರೆ ಬಿಟ್ಟುಕೊಳ್ಳಲಿ. ಸೊಂಟ ಮೆಲ್ಲಗೆ ಮಾತು ಕೇಳತೊಡಗಿತು. ಡಾಕ್ಟರು, ಮೇಡಂ ಇಬ್ಬರೂ ಒಪ್ಪಿದ ಮೇಲೆ, ಹೋದ ಶ್ರಾವಣದಲ್ಲಿ, ಪಂಚೆ ಸರಿಸಿ ಗುಣಿಗೆ ಇಳಿದಳು.

ನಾನು ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತ ಕಿವಿಯನ್ನು ಅತ್ತಲೇ ಇಟ್ಟಿದ್ದೆ. ಮಗ್ಗದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಓಡಿಹೋಗಿ ಗುಣಿಯ ಪಕ್ಕ ಕೈ ಚಾಚಿ ನಿಂತೆ.

"ಏನಾತವ್ವಾ, ಮತ್ತೆ ನೋವಾ?"

"ನೋವೂ ಇಲ್ಲ, ಏನೂ ಇಲ್ಲ. ಬಾಯಾರೈತೆ, ನೀರು ಕುಡಿದು ಬರ್ತೀನಿ. ನೀ ಅತ್ಲಾಗೆ ಸರಿ."

ಉಸಿರು ಬಿಟ್ಟು, ಹೊಕ್ಕಳು ಒಳಗೆಳೆದುಕೊಂಡು, ತಾನೇ ಎದ್ದು ನನ್ನ ಪಕ್ಕದಿಂದ ನಡೆದು ಹೋದಳು. ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು. ಹಿಟ್ಟು ಮೆತ್ತಿದ ಆ ಕೈಯಲ್ಲೇ ಕಣ್ಣೊರೆಸಿಕೊಂಡೆ.