ತುಂಗೆಯ ಬಲ ಮೊಣಕಾಲು

ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ. ಆದರೆ ದನ, ಕುದುರೆ, ಮನುಷ್ಯ, ಮೂರರ ನಡಿಗೆಯನ್ನೂ ಕಣ್ಣಲ್ಲೇ ತೂಗಬಲ್ಲೆ. ಬಾಳೆಹೊನ್ನೂರು ರಸ್ತೆಯ ಮಲ್ಲೇಶಪ್ಪನ ಹೆಣ್ಣುಕುದುರೆ ತುಂಗೆಯಂಥದ್ದನ್ನು ಮಾತ್ರ ಬೇರೆಲ್ಲೂ ಕಂಡಿಲ್ಲ. ನರಸಿಂಹರಾಜಪುರದಿಂದ ಶೃಂಗೇರಿಯವರೆಗೆ ಮದುಮಗನ ಮೆರವಣಿಗೆಗೆ ಅದೇ ಬೇಕು. ಮದುಮಗ ಇಳಿದು, ಹೆಣ್ಣಿನ ಕಡೆಯವರು ಕೈಮುಗಿದರೋ, ಅದೂ ಬಲ ಮೊಣಕಾಲನ್ನು ನೆಲಕ್ಕೂರಿ ನಮಸ್ಕರಿಸುತ್ತದೆ. ಕಲಿಸಿದವನು ಮಲ್ಲೇಶಪ್ಪನೇ.

ಹೋದ ವರ್ಷ ಪಾಚಿಗಟ್ಟಿದ ಮೋರಿಯ ಮೇಲೆ ಜಾರಿ ಅದೇ ಮೊಣಕಾಲು ಬಾತುಕೊಂಡಿತು. ಕೊಪ್ಪದಿಂದ ಪಶುವೈದ್ಯೆ ಅರ್ಪಣಾ ಬಂದರು. ಕೈವಾರದಂತೆ ತೆರೆದುಕೊಳ್ಳುವ ಎರಡು ಪಟ್ಟಿಯ ಸ್ಕೇಲನ್ನು ಕೀಲಿನ ಮೇಲಿಟ್ಟು, ಕಾಲನ್ನು ಮೆಲ್ಲಗೆ ಮಡಚಿ, ಎಡ ಬಲ ಎರಡನ್ನೂ ಅಳೆದರು.

"ಎಡಗಾಲಿನಷ್ಟೇ ಇದೂ ಮಡಚಬೇಕು ಮಲ್ಲೇಶಪ್ಪನೋರೆ. ಅಲ್ಲೀತನಕ ರೆಸ್ಟ್. ಮಡಚದೇ ಹೋದ್ರೆ ಇನ್ನು ಯಾರನ್ನೂ ಕೂರ್ಸೋ ಹಾಗಿಲ್ಲ."

ಮಲ್ಲೇಶಪ್ಪ ಅಂದೇ ಲಾಯಕ್ಕೆ ಚಾಪೆ ಹೊತ್ತ. ಅವನಿಗೆ ಬೇರೆ ಕಸುಬಿಲ್ಲ, ಬೇಕಾಗಿಯೂ ಇಲ್ಲ. ಲಾಯದಲ್ಲೇ ಊಟ, ಲಾಯದಲ್ಲೇ ನಿದ್ದೆ.

"ಹಲ್ಲುಜ್ಜೋಕಾದ್ರೂ ಮನೆಗೆ ಬನ್ನಿ" ಎಂದು ಹೆಂಡತಿ ಪ್ರೇಮಕ್ಕ ಗೊಣಗಿದಳು.

ಮುಂದಿನ ಸಲ ಅಳೆದಾಗ ಕಾಲು ಮೊದಲಿಗಿಂತಲೂ ಬಿಗಿದಿತ್ತು.

"ನಡೆಸಿದ್ರಾ?"

"ಒಂದು ಹೆಜ್ಜೆ ಆಚೆ ಬಿಟ್ಟಿಲ್ಲ, ಡಾಕ್ಟ್ರಮ್ಮ!"

ಅಷ್ಟರಲ್ಲಿ ಪಕ್ಕದ ಮನೆಯ ವೀರಬಸಮ್ಮ "ಹೆಂಗಿದಾಳೆ ನಮ್ಮ ಹುಡುಗಿ?" ಎನ್ನುತ್ತ ಬಂದು ವೈದ್ಯೆಗೆ ಕೈಮುಗಿದಳು. ತುಂಗೆ ನರಳುತ್ತಲೇ ಬಲ ಮೊಣಕಾಲನ್ನು ನೆಲಕ್ಕೂರಿತು!

"ಅಯ್ಯೋ! ದಿನಾ ಎಷ್ಟು ಜನ ಬರ್ತಾರೆ ನೋಡೋಕೆ?" ಎಂದರು ಅರ್ಪಣಾ.

"ಊರೇ ಬರುತ್ತೆ" ಎಂದಳು ಪ್ರೇಮಕ್ಕ. "ನಮ್ಮೋರು ಕೈಮುಗೀದೆ ಒಳಗೆ ಕಾಲಿಡ್ತಾರಾ? ಈ ಮಾರಾಯ್ತಿ ಎಲ್ಲರಿಗೂ ತಿರುಗಿ ನಮಸ್ಕಾರ ಹೊಡೀತಾಳೆ."

ಮಲ್ಲೇಶಪ್ಪ ತಲೆ ಕೆರೆದುಕೊಂಡ. "ನೋವಲ್ಲೂ ಮರ್ಯಾದೆ ಬಿಟ್ಟಿಲ್ಲ ಅಂತ ನಾನು ಖುಷಿಪಟ್ಟಿದ್ದೆ."

ಮರುದಿನದಿಂದ ಅವನದು ಬಾಗಿಲಲ್ಲೇ ಕಾವಲು. ಬಂದವರ ಎರಡೂ ಕೈಗೆ ಒಂದೊಂದು ಕಂತೆ ಹುಲ್ಲು ಹಿಡಿಸಿಯೇ ಒಳಗೆ ಬಿಡುತ್ತಿದ್ದ.

"ನೋಡೋಕೆ ಬಂದ್ರೆ ಕೂಲಿ ಮಾಡಿಸ್ತೀಯಲ್ಲ ಮಾರಾಯ!" ಎಂದು ಊರಿನ ವೀರಪ್ಪ ರೇಗಿದರೂ ಹುಲ್ಲು ಹಿಡಿದೇ ನಿಂತ.

ದೀಪಾವಳಿ ಕಳೆದ ಮೇಲೆ ಅರ್ಪಣಾ ಮತ್ತೆ ಅಳೆದರು. ನಂಬಿಕೆ ಸಾಲದೆ ಇನ್ನೊಮ್ಮೆ ಅಳೆದರು. ಎಡ, ಬಲ ಒಂದೇ ಸಮ.

"ಕೂರ್ಸಬಹುದು. ಮೊದಲು ಹಗುರ ಇರೋರನ್ನ."

ಮಲ್ಲೇಶಪ್ಪ ಪ್ರೇಮಕ್ಕನ ಕಡೆ ನೋಡಿದ.

"ನಾನಾ? ಈ ವಯಸ್ಸಲ್ಲಾ? ಬಿಡ್ತು ಅನ್ನಿ!"

ಅನ್ನುತ್ತಲೇ ಸೆರಗು ಸಿಕ್ಕಿಸಿದಳು. ಸ್ಟೂಲು ಹತ್ತಿ ಕೂತಳು. ತುಂಗೆ ಅಂಗಳ ದಾಟಿ ರಸ್ತೆಗಿಳಿಯಿತು, ಒಂದಿಷ್ಟೂ ಕುಂಟದೆ. "ನಿಧಾನ, ನಿಧಾನ" ಎಂದು ಲಗಾಮು ಹಿಡಿದು ಮುಂದೆ ಮುಂದೆ ಹೋಗುತ್ತಿದ್ದ ಮಲ್ಲೇಶಪ್ಪನಿಗೆ ಪ್ರೇಮಕ್ಕ ಮೇಲಿನಿಂದ ಕೂಗಿದಳು:

"ಸ್ವಲ್ಪ ಬೇಗ ನಡೀರಿ, ಪೇಟೆಯೋರು ನೋಡ್ಲಿ!"